ಕಾಲಿನ ನೇರವನ್ನು ಮೂರು ಆಯಾಮದಲ್ಲಿ ಅಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡಿ ಬದಲಿಸುವ ಅಥವಾ ಮೂಳೆ ಕತ್ತರಿಸಿ ಕಾಲು ನೇರ ಮಾಡುವ ಶಸ್ತ್ರಚಿಕಿತ್ಸೆ ಎಂದು ತೀರ್ಮಾನವಾದ ಮೇಲೆ ಕೈಗೆ ಬರುವ ವರದಿಯ ತುಂಬ ಡಿಗ್ರಿಗಳೇ ಇರುತ್ತವೆ. ಆ ಅಂಕಿಗಳನ್ನು ನೋಡಿ ಗಾಬರಿಯಾದವರು ಕೇಳುವ ಪ್ರಶ್ನೆಗಳು ಇಲ್ಲಿವೆ. ನಾನು ಮತ್ತೆ ಮತ್ತೆ ಒಂದೇ ಮಾತಿಗೆ ಬರುತ್ತೇನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ: ಯಾವುದೇ ಕೋನ ಕಂಡರೂ ಎರಡು ವಿಷಯ ಕೇಳಿ. ಅಳೆದಾಗ ಕಾಲಿನ ಮೇಲೆ ಮೈಭಾರ ಇತ್ತೇ? ಯಾವ ದಿಕ್ಕಿನಿಂದ ನೋಡಿ ಅಳೆದರು? ಇವೆರಡು ತಿಳಿಯದಿದ್ದರೆ ಆ ಅಂಕಿಯಿಂದ ಏನನ್ನೂ ತೀರ್ಮಾನಿಸಲಾಗದು.

ಕಾಲಿನ ನೇರ ಅಂದರೆ ಏನು? ಕಣ್ಣಿಗೆ ನೇರ ಕಂಡರೆ ಸಾಲದೇ?

ಸಾಲದು. ಚರ್ಮ, ಸ್ನಾಯು, ಕೊಬ್ಬು ಎಲ್ಲವೂ ಸೇರಿ ಕಣ್ಣನ್ನು ಮೋಸ ಮಾಡುತ್ತವೆ. ತೊಡೆಮೂಳೆಯ ತುದಿಯಲ್ಲಿರುವ ಚೆಂಡಿನಂಥ ಭಾಗದ ನಡುಬಿಂದುವಿನಿಂದ ಪಾದದ ಕೀಲಿನ ನಡುಬಿಂದುವಿಗೆ ಒಂದು ಗೆರೆ ಎಳೆಯಿರಿ. ನಿಂತಾಗ ಮೈಭಾರ ಇಳಿಯುವುದು ಹೆಚ್ಚುಕಡಿಮೆ ಈ ಗೆರೆಯ ಗುಂಟ. ಯೋಹಾನ್ ಮಿಕುಲಿಚ್ ಎಂಬ ಶಸ್ತ್ರವೈದ್ಯರ ಹೆಸರಿನಿಂದ ಇದನ್ನು ಮಿಕುಲಿಚ್ ಗೆರೆ ಎನ್ನುವುದುಂಟು, ನಾನು ಭಾರದ ಗೆರೆ ಎನ್ನುತ್ತೇನೆ. ಆರೋಗ್ಯವಂತ ಕಾಲಿನಲ್ಲಿ ಅದು ಮಂಡಿಯ ನಟ್ಟನಡುವೆ ಹಾಯುವುದಿಲ್ಲ, ನಡುವಿಗಿಂತ ಕೆಲವು ಮಿಲಿಮೀಟರ್ ಒಳಗಡೆ, ಅಂದರೆ ಇನ್ನೊಂದು ಮಂಡಿಯ ಕಡೆಗೆ ಹಾಯುತ್ತದೆ. ಗೆರೆ ಇನ್ನೂ ಒಳಕ್ಕೆ ಸರಿದರೆ ಬಿಲ್ಲುಗಾಲು, ವರದಿಯ ಭಾಷೆಯಲ್ಲಿ ವೇರಸ್. ಹೊರಕ್ಕೆ ಸರಿದರೆ ಮಂಡಿಗಳು ಒಂದಕ್ಕೊಂದು ತಾಗುವ ಕಾಲು, ಅಂದರೆ ವ್ಯಾಲ್ಗಸ್.

ಗೆರೆ ಸರಿದಿದೆ ಎಂದಷ್ಟೇ ತಿಳಿದರೆ ವೈದ್ಯರ ಕೆಲಸ ಮುಗಿಯುವುದಿಲ್ಲ, ತಪ್ಪು ಎಲ್ಲಿದೆ ಎಂದು ಹುಡುಕಬೇಕು. ಅದಕ್ಕೆ ಮೂರು ಕೋನಗಳನ್ನು ಬೇರೆ ಬೇರೆ ಅಳೆಯುತ್ತಾರೆ. ಮೊದಲ ಎರಡು, ಮೂಳೆಯ ಉದ್ದದ ಗೆರೆಗೂ ಮಂಡಿಕೀಲಿನ ಮೇಲ್ಮೈಗೂ ನಡುವಿನ ಕೋನಗಳು. ತೊಡೆಮೂಳೆಯ ಕೆಳತುದಿಯ ಕೋನ ಸಾಮಾನ್ಯವಾಗಿ 85ರಿಂದ 90 ಡಿಗ್ರಿ. ಮಂಡಿಯ ಕೆಳಗಿನ ದಪ್ಪ ಮೂಳೆಯಾದ ಟಿಬಿಯಾದ ಮೇಲ್ತುದಿಯ ಕೋನವೂ 85ರಿಂದ 90. ಈ ಎರಡು ಮೂಳೆಗಳ ನಡುವೆ ಕೀಲು ಒಂದು ಪಕ್ಕಕ್ಕೆ ಬಾಯಿ ಬಿಟ್ಟಿದ್ದರೆ ಆ ಕೋನ ಮೂರನೆಯದು, ಸಾಮಾನ್ಯವಾಗಿ 0ಯಿಂದ 2 ಡಿಗ್ರಿ. ಎರಡು ಕಾಲುಗಳಲ್ಲಿ 8 ಡಿಗ್ರಿ ಬಾಗು ಒಂದೇ ಥರ ಕಾಣಬಹುದು, ಆದರೆ ಒಂದರಲ್ಲಿ ಅದು ಟಿಬಿಯಾದಲ್ಲಿ, ಇನ್ನೊಂದರಲ್ಲಿ ತೊಡೆಮೂಳೆಯಲ್ಲಿ ಇರಬಹುದು. ತಪ್ಪು ಮೂಳೆಯನ್ನು ಕತ್ತರಿಸಿದರೆ ಹೊರಗಿನಿಂದ ಕಾಲು ನೇರವಾಗುತ್ತದೆ, ಒಳಗೆ ಕೀಲು ಓರೆಯಾಗಿಬಿಡುತ್ತದೆ.

ಒಂದೆರಡು ಡಿಗ್ರಿಗೆ ಇಷ್ಟೊಂದು ಲೆಕ್ಕ ಯಾಕೆ?

ಕಾಲು ಉದ್ದವಾದ ಕೋಲು, ಅದಕ್ಕೆ. ತೊಡೆಮೂಳೆ 40 ಸೆಂಟಿಮೀಟರ್, ಟಿಬಿಯಾ 40 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಮಂಡಿಯ ಮಟ್ಟದಲ್ಲಿ 1 ಡಿಗ್ರಿ ಬಾಗು ಬಂದರೆ ಭಾರದ ಗೆರೆ ಸುಮಾರು 3.5 ಮಿಲಿಮೀಟರ್ ಸರಿಯುತ್ತದೆ. 10 ಡಿಗ್ರಿಗೆ 35 ಮಿಲಿಮೀಟರ್. ಅಷ್ಟರಲ್ಲಿ ಗೆರೆ ಮಂಡಿಯ ಒಳ ಅಂಚಿನ ಹತ್ತಿರ ಬಂದಿರುತ್ತದೆ, ಇಡೀ ಭಾರ ಒಂದೇ ಪಕ್ಕದ ಮೃದ್ವಸ್ಥಿಯ, ಅಂದರೆ ಮೂಳೆಯ ತುದಿಗೆ ಮೆತ್ತೆಯಂತಿರುವ ಪದರದ ಮೇಲೆ ಬೀಳುತ್ತದೆ. ವರ್ಷಗಟ್ಟಲೆ ಹಾಗೆ ನಡೆದರೆ ಆ ಪಕ್ಕ ಸವೆಯುತ್ತದೆ, ಸವೆದಷ್ಟೂ ಕಾಲು ಇನ್ನಷ್ಟು ಬಾಗುತ್ತದೆ.

ನಿಂತು ತೆಗೆಸಿದ ಉದ್ದ ಎಕ್ಸ್‌ರೇ ಇದೆಯಲ್ಲ, ಮೂರು ಆಯಾಮದ ಚಿತ್ರ ಯಾಕೆ ಬೇಕು?

ಮೊದಲಿಗೆ ಆ ಎಕ್ಸ್‌ರೇ ಪರವಾಗಿ ಒಂದು ಮಾತು. ಸೊಂಟದಿಂದ ಪಾದದವರೆಗೆ, ಮಂಡಿಚಿಪ್ಪು ನೇರ ಮುಂದೆ ನೋಡುವಂತೆ ನಿಲ್ಲಿಸಿ ತೆಗೆದ ಉದ್ದ ಎಕ್ಸ್‌ರೇ ಇಂದಿಗೂ ಬಹುಪಾಲು ರೋಗಿಗಳಿಗೆ ಮೊದಲ ಪರೀಕ್ಷೆ, ಎಷ್ಟೋ ಜನರಿಗೆ ಅದೊಂದೇ ಸಾಕು. ಹೊಸ ಯಂತ್ರ ಬಂತೆಂದು ಅದನ್ನು ಕೈಬಿಡುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಅದರ ಮಿತಿ ಇರುವುದು ಬೇರೆ ಕಡೆ. ಎಕ್ಸ್‌ರೇ ಅಂದರೆ ನೆರಳು. ಗೋಡೆಯ ಮೇಲೆ ಬಿದ್ದ ಬಾಗಿದ ಕಡ್ಡಿಯ ನೆರಳನ್ನು ಯೋಚಿಸಿ: ಕಡ್ಡಿಯನ್ನು ತಿರುಗಿಸಿದಂತೆ ನೆರಳಿನ ಬಾಗು ಹೆಚ್ಚುಕಡಿಮೆಯಾಗುತ್ತದೆ, ಕಡ್ಡಿ ಮಾತ್ರ ಬದಲಾಗಿರುವುದಿಲ್ಲ. ಮಂಡಿ ಪೂರ್ತಿ ನೀಳವಾಗಿದ್ದರೆ ಕಾಲು ಸ್ವಲ್ಪ ತಿರುಗಿದರೂ ಅಳತೆ ಅಷ್ಟಾಗಿ ಕೆಡುವುದಿಲ್ಲ. ಆದರೆ ಸಂಧಿವಾತದಿಂದ ಮಂಡಿ 15 ಡಿಗ್ರಿ ಮಡಚಿಯೇ ಉಳಿದಿದ್ದು, ಎಕ್ಸ್‌ರೇ ವೇಳೆ ಕಾಲು 15 ಡಿಗ್ರಿ ಹೊರಕ್ಕೆ ತಿರುಗಿದ್ದರೆ, ಆ ಮಡಚು ಮುಂದಿನಿಂದ ನೋಡಿದಾಗ ಸುಮಾರು 4 ಡಿಗ್ರಿ ಬಿಲ್ಲುಗಾಲಾಗಿ ಕಾಣುತ್ತದೆ. ಆ 4 ಡಿಗ್ರಿ ಮೂಳೆಯಲ್ಲಿ ಇಲ್ಲವೇ ಇಲ್ಲ. ನೋವಿರುವ, ಮಂಡಿ ಚಾಚಲಾಗದ ರೋಗಿಯಲ್ಲೇ ಈ ತಪ್ಪು ಹೆಚ್ಚು, ಶಸ್ತ್ರಚಿಕಿತ್ಸೆ ಬೇಕಾಗುವವರೂ ಅವರೇ.

ಇನ್ನೊಂದು ತೊಂದರೆ ಓರೆ ಬಾಗಿನದು. ಹಳೆಯ ಮುರಿತ ಸೊಟ್ಟಗೆ ಕೂಡಿಕೊಂಡಾಗ ಮೂಳೆ ಸರಿಯಾಗಿ ಪಕ್ಕಕ್ಕೋ ಮುಂದಕ್ಕೋ ಬಾಗಿರಬೇಕೆಂಬ ನಿಯಮವಿಲ್ಲ. ಮುಂದಿನಿಂದ ತೆಗೆದ ಎಕ್ಸ್‌ರೇಯಲ್ಲಿ 12 ಡಿಗ್ರಿ, ಪಕ್ಕದಿಂದ ತೆಗೆದದ್ದರಲ್ಲಿ 9 ಡಿಗ್ರಿ ಕಂಡರೆ ಅಲ್ಲಿ ಎರಡು ಬಾಗುಗಳಿವೆ ಎಂದು ಅನ್ನಿಸುತ್ತದೆ. ಇರುವುದು ಒಂದೇ ಬಾಗು. ಅದು ಸುಮಾರು 15 ಡಿಗ್ರಿಯದು, ಮುಂದಕ್ಕೂ ಪಕ್ಕಕ್ಕೂ ನಡುವಿನ ಓರೆ ದಿಕ್ಕಿನಲ್ಲಿದೆ. ಅನುಭವಿ ಶಸ್ತ್ರವೈದ್ಯರು ಎರಡು ಚಿತ್ರಗಳಿಂದ ಇದನ್ನು ಲೆಕ್ಕ ಹಾಕಬಲ್ಲರು. ಮೂರು ಆಯಾಮದ ಮಾದರಿಯಲ್ಲಿ ಮೂಳೆಯನ್ನು ತಿರುಗಿಸುತ್ತಾ ಹೋದರೆ ಬಾಗು ಅತಿ ಹೆಚ್ಚು ಕಾಣುವ ದಿಕ್ಕು ತಾನಾಗಿಯೇ ಗೊತ್ತಾಗುತ್ತದೆ.

ತಿರುಚು ಅಂತ ವರದಿಯಲ್ಲಿದೆ. ಅದೇನು?

ಒದ್ದೆ ಬಟ್ಟೆ ಹಿಂಡುವಾಗ ಒಂದು ತುದಿ ಒಂದು ಕಡೆ, ಇನ್ನೊಂದು ತುದಿ ಮತ್ತೊಂದು ಕಡೆ ತಿರುಗುತ್ತದಲ್ಲ, ಮೂಳೆಯಲ್ಲೂ ಅಂಥದೊಂದು ತಿರುಚು ಹುಟ್ಟಿನಿಂದಲೇ ಇರುತ್ತದೆ. ತೊಡೆಮೂಳೆಯ ಕುತ್ತಿಗೆ (ಚೆಂಡನ್ನು ಉಳಿದ ಮೂಳೆಗೆ ಕೂಡಿಸುವ ಭಾಗ), ಮಂಡಿಯ ಭಾಗಕ್ಕೆ ಹೋಲಿಸಿದರೆ ಮುಂದಕ್ಕೆ ತಿರುಗಿರುತ್ತದೆ. ಹುಟ್ಟಿದ ಮಗುವಿನಲ್ಲಿ ಇದು 30ರಿಂದ 40 ಡಿಗ್ರಿಯ ಆಸುಪಾಸು, ಬೆಳೆದವರಲ್ಲಿ ಸಾಮಾನ್ಯವಾಗಿ 10ರಿಂದ 20. ಟಿಬಿಯಾದ್ದು ಹೊರಕ್ಕೆ ತಿರುಚು.

ತಿರುಚು ಹೆಚ್ಚಾದವರಲ್ಲಿ ಮುಂದಿನಿಂದ ತೆಗೆದ ಎಕ್ಸ್‌ರೇ ಸಾಮಾನ್ಯವಾಗಿಯೇ ಕಾಣಬಹುದು. ಪಾದ ನೇರ ಇಟ್ಟು ನಿಂತಾಗ ಮಂಡಿಚಿಪ್ಪುಗಳು ಒಂದನ್ನೊಂದು ನೋಡುವಂತೆ ಒಳಕ್ಕೆ ತಿರುಗುತ್ತವೆ, ಚಿಪ್ಪು ಪದೇ ಪದೇ ಜಾರುತ್ತದೆ, ಮಂಡಿಯ ಮುಂಭಾಗ ನೋಯುತ್ತದೆ. ಎಕ್ಸ್‌ರೇ ಸರಿಯಿದೆ ಎಂದು ಇಂಥವರನ್ನು ಮನೆಗೆ ಕಳಿಸಿಬಿಡುವ ಸಾಧ್ಯತೆ ಇದೆ. ಆದ್ದರಿಂದ ಮೂರು ಆಯಾಮದ ಅಳತೆಯಿಂದ ಅತಿ ಹೆಚ್ಚು ಉಪಯೋಗ ಇವರಿಗೇ ಎಂದು ನಾನು ಭಾವಿಸುತ್ತೇನೆ.

ಯಾವ ಯಾವ ಯಂತ್ರಗಳಿಂದ ಇದನ್ನು ಅಳೆಯುತ್ತಾರೆ?

ಹೆಚ್ಚು ಬಳಕೆಯಲ್ಲಿರುವುದು ಸಿಟಿ ಸ್ಕ್ಯಾನ್. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರದಲ್ಲಿ 1971ರಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆದರು. ಅದೇ ತತ್ವ ಇಂದು ಕಾಲಿನ ಮೂಳೆಯನ್ನು ತೆಳು ಬಿಲ್ಲೆಗಳಾಗಿ ನೋಡಿ, ಕಂಪ್ಯೂಟರಿನಲ್ಲಿ ಜೋಡಿಸಿ, ಗಟ್ಟಿ ಮಾದರಿಯನ್ನು ಕೊಡುತ್ತದೆ. ಮೂಳೆಯ ಆಕಾರ ತಿಳಿಯಲು ಇದನ್ನು ಮೀರಿಸಿದ್ದಿಲ್ಲ. ಕೊರತೆ ಒಂದೇ, ಆದರೆ ದೊಡ್ಡದು: ರೋಗಿ ಮಲಗಿರುತ್ತಾರೆ.

ನಿಂತೇ ತೆಗೆಯುವುದು ಇಒಎಸ್. ಒಂದಕ್ಕೊಂದು ಲಂಬವಾಗಿ ನಿಂತ ಎರಡು ಎಕ್ಸ್‌ರೇ ಮೂಲಗಳು ಮೇಲಿಂದ ಕೆಳಗೆ ಒಟ್ಟಿಗೆ ಜಾರುತ್ತಾ ಮುಂದಿನ ಮತ್ತು ಪಕ್ಕದ ಚಿತ್ರಗಳನ್ನು ಒಂದೇ ಸಲ ತೆಗೆಯುತ್ತವೆ. ಇದರ ಹಿಂದೆ ಇರುವುದು ಭೌತವಿಜ್ಞಾನಿ ಜಾರ್ಜ್ ಶಾರ್ಪಾಕ್ ಅವರ ಕೆಲಸ. ಸೂಕ್ಷ್ಮ ಕಣಗಳನ್ನು ಪತ್ತೆಹಚ್ಚುವ ಸಾಧನಕ್ಕಾಗಿ ಅವರಿಗೆ 1992ರಲ್ಲಿ ನೊಬೆಲ್ ಬಂತು, ಆ ಸಾಧನದ ಸಂತತಿಯೇ ಈ ಯಂತ್ರದಲ್ಲಿ ಎಕ್ಸ್‌ರೇಯನ್ನು ಹಿಡಿಯುತ್ತದೆ. ಕಿರಣ ಕಡಿಮೆ ಸಾಕು. ಒಂದು ವಿಷಯ ನೆನಪಿರಲಿ: ಇಲ್ಲಿ ಸಿಗುವ ಮೂರು ಆಯಾಮದ ಮೂಳೆ ಸಿಟಿಯಂತೆ ಬಿಲ್ಲೆ ಬಿಲ್ಲೆಯಾಗಿ ಕಂಡದ್ದಲ್ಲ. ಮಾದರಿ ಮೂಳೆಯೊಂದನ್ನು ಎರಡು ಚಿತ್ರಗಳ ಅಂಚಿಗೆ ಹೊಂದುವಂತೆ ಹಿಗ್ಗಿಸಿ ಕುಗ್ಗಿಸಿ ಪಡೆದದ್ದು. ಸಾಮಾನ್ಯ ಆಕಾರದ ಮೂಳೆಗೆ ಚೆನ್ನಾಗಿ ಹೊಂದುತ್ತದೆ, ವಿಪರೀತ ವಿರೂಪಗೊಂಡ ಮೂಳೆಗೆ ಅಷ್ಟು ಚೆನ್ನಾಗಿ ಹೊಂದುವುದಿಲ್ಲ.

ಶಂಕುವಿನಾಕಾರದ ಕಿರಣ ಬಳಸಿ ನಿಂತೇ ತೆಗೆಯುವ ಕೋನ್ ಬೀಮ್ ಸಿಟಿಯೂ ಇದೆ, ಪಾದ ಮತ್ತು ಮಂಡಿಗೆ ಒಳ್ಳೆಯದು. ಎಮ್ಆರ್‌ಐಯಲ್ಲಿ ವಿಕಿರಣವಿಲ್ಲ, ಮೃದ್ವಸ್ಥಿಯೂ ಕಾಣುತ್ತದೆ, ಆದರೆ ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತು ಕಾಲು ಅಲುಗಿಸದೆ ಇರುವುದು ನೋವಿದ್ದವರಿಗೆ ಕಷ್ಟ.

ಸಿಟಿಯಲ್ಲಿ 4 ಡಿಗ್ರಿ ಬಾಗು, ನಿಂತ ಎಕ್ಸ್‌ರೇಯಲ್ಲಿ 9 ಡಿಗ್ರಿ. ಯಾವುದನ್ನು ನಂಬಲಿ?

ಎರಡನ್ನೂ. ಎರಡೂ ನಿಜ ಹೇಳುತ್ತಿವೆ, ಆದರೆ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿವೆ. ಮಲಗಿದಾಗ ಕೀಲಿನ ಮೇಲೆ ಭಾರವಿಲ್ಲ. ನಿಂತ ಕೂಡಲೇ ಸವೆದ ಪಕ್ಕ ಕುಸಿಯುತ್ತದೆ, ಎದುರು ಪಕ್ಕದ ಅಸ್ಥಿರಜ್ಜು (ಮೂಳೆಗಳನ್ನು ಕಟ್ಟಿಹಿಡಿಯುವ ಪಟ್ಟಿ) ಸಡಿಲವಾಗಿದ್ದರೆ ಕೀಲು ಅಲ್ಲಿ ಬಾಯಿ ಬಿಡುತ್ತದೆ. ನಡುವಿನ 5 ಡಿಗ್ರಿ ಬಂದದ್ದು ಮೂಳೆಯಿಂದಲ್ಲ, ಕೀಲಿನಿಂದ.

ಈ ವ್ಯತ್ಯಾಸವನ್ನು ತಪ್ಪೆಂದು ತಳ್ಳಿಹಾಕಬೇಡಿ, ಯೋಜನೆಗೆ ಇಷ್ಟು ಬೆಲೆಬಾಳುವ ಮಾಹಿತಿ ಬೇರೊಂದಿಲ್ಲ. 9 ಡಿಗ್ರಿಯೂ ಮೂಳೆಯದೇ ಎಂದು ಬಗೆದು ಅಷ್ಟನ್ನೂ ಮೂಳೆಯಲ್ಲಿ ತಿದ್ದಿದರೆ, ಭಾರ ಇನ್ನೊಂದು ಪಕ್ಕಕ್ಕೆ ಸರಿದ ಮೇಲೆ ಬಾಯಿ ಬಿಟ್ಟಿದ್ದ ಕೀಲು ತಾನೇ ಮುಚ್ಚಿಕೊಳ್ಳುತ್ತದೆ. ಆಗ ಕಾಲು ಬೇಕಾದ್ದಕ್ಕಿಂತ ಹೆಚ್ಚು ಆ ಕಡೆಗೆ ಹೋಗಿಬಿಡುತ್ತದೆ. ಬಿಲ್ಲುಗಾಲೆಂದು ಬಂದವರು ತಾಗುವ ಮಂಡಿಗಳೊಂದಿಗೆ ಮನೆಗೆ ಹೋಗುವಂತಾಗಬಾರದು. ಮೂಳೆಯ ಆಕಾರ ಸಿಟಿಯಿಂದ, ಭಾರ ಹೊತ್ತ ನಿಲುವು ನಿಂತ ಚಿತ್ರದಿಂದ: ಎರಡನ್ನೂ ಸೇರಿಸಿ ನೋಡುವುದೇ ಸರಿಯಾದ ದಾರಿ. ಸಿಟಿಯ ಮಾದರಿಯನ್ನು ನಿಂತ ಚಿತ್ರದ ಅಂಚುಗಳಿಗೆ ಹೊಂದಿಸಿ, ನಿಂತಾಗ ಮೂಳೆಗಳು ಹೇಗೆ ಕೂತಿದ್ದವು ಎಂದು ಕಂಡುಕೊಳ್ಳುವ ತಂತ್ರಾಂಶಗಳೂ ಇವೆ.

ಕಂಪ್ಯೂಟರ್ ಅಳೆದದ್ದು ಅಂದಮೇಲೆ ತಪ್ಪಾಗುವುದಿಲ್ಲ ಅಲ್ಲವೇ?

ಆಗುತ್ತದೆ. ಬಿಲ್ಲೆಗಳಲ್ಲಿ ಮೂಳೆ ಯಾವುದು, ಸ್ನಾಯು ಯಾವುದು ಎಂದು ಮೊದಲು ಬೇರ್ಪಡಿಸಬೇಕು. ಆಮೇಲೆ ಗುರುತುಬಿಂದುಗಳನ್ನು ಇಡಬೇಕು. ತೊಡೆಮೂಳೆಯ ಚೆಂಡಿಗೆ ಒಂದು ಗೋಳವನ್ನು ಹೊಂದಿಸಿದರೆ ನಡುಬಿಂದು ಸಿಗುತ್ತದೆ, ಅದರಲ್ಲಿ ತಕರಾರು ಕಡಿಮೆ. ಮಂಡಿಯ ಎರಡು ಪಕ್ಕದ ಉಬ್ಬುಗಳ ತುದಿ ಯಾವುದು ಎಂಬಲ್ಲಿ ಇಬ್ಬರು ತಜ್ಞರ ಕೈ ಒಂದೇ ಕಡೆ ಬೀಳುವುದಿಲ್ಲ. ತಂತ್ರಾಂಶ ತಾನೇ ಬಿಂದುಗಳನ್ನು ಇಟ್ಟರೆ ಪ್ರತಿ ಸಲವೂ ಒಂದೇ ಉತ್ತರ ಬರುತ್ತದೆ, ಆದರೆ ಪ್ರತಿ ಸಲ ಒಂದೇ ಉತ್ತರ ಬಂದ ಮಾತ್ರಕ್ಕೆ ಅದು ಸರಿಯಾದ ಉತ್ತರವಾಗುವುದಿಲ್ಲ. ಸವೆದು ಮುಳ್ಳುಮುಳ್ಳಾಗಿ ಬೆಳೆದ ಮೂಳೆಯ ಅಂಚನ್ನು ಅದು ನಿಜವಾದ ಅಂಚೆಂದು ಹಿಡಿಯಬಹುದು. ಆದ್ದರಿಂದ ಬಿಂದುಗಳನ್ನು ಮನುಷ್ಯನ ಕಣ್ಣು ಒಮ್ಮೆ ನೋಡಲೇಬೇಕು.

ಇನ್ನೂ ಆಳದ ಪ್ರಶ್ನೆ ಒಂದಿದೆ. ಮೂರು ಆಯಾಮದಲ್ಲಿ ‘ಮುಂದೆ’ ಎಂದರೆ ಯಾವುದು? ಎಕ್ಸ್‌ರೇಯಲ್ಲಿ ಅದು ಫಿಲ್ಮಿನ ದಿಕ್ಕು. ಮಾದರಿಯಲ್ಲಿ ತೊಡೆಮೂಳೆಯ ಮುಂಭಾಗವನ್ನು ಆಧಾರವಾಗಿ ಹಿಡಿಯಬಹುದು, ಟಿಬಿಯಾದ ಮುಂಭಾಗವನ್ನೂ ಹಿಡಿಯಬಹುದು. ಮಂಡಿ ಮಡಚಿದ್ದರೆ ಅಥವಾ ಎರಡು ಮೂಳೆಗಳ ನಡುವೆ ತಿರುವಿದ್ದರೆ ಒಂದೇ ಕಾಲಿಗೆ ಎರಡು ಬಗೆಯ ಡಿಗ್ರಿ ಬರುತ್ತದೆ.

ಎರಡು ಕಡೆ ತಿರುಚು ಅಳೆಸಿದೆ. ಒಂದರಲ್ಲಿ 16, ಇನ್ನೊಂದರಲ್ಲಿ 27. ಒಬ್ಬರು ತಪ್ಪು ಮಾಡಿರಬೇಕಲ್ಲ?

ಯಾರೂ ತಪ್ಪು ಮಾಡಿಲ್ಲದೆಯೂ ಇರಬಹುದು. ತೊಡೆಮೂಳೆಯ ಕುತ್ತಿಗೆಯ ಗೆರೆ ಎಲ್ಲಿ ಎಳೆಯಬೇಕೆಂಬುದಕ್ಕೆ ಹಲವು ವಿಧಾನಗಳಿವೆ. ಕುತ್ತಿಗೆಯ ಮೇಲ್ಭಾಗದಲ್ಲೇ ಎಳೆಯುವವರಿದ್ದಾರೆ, ಅದರ ಬುಡದಲ್ಲಿ, ಇನ್ನೂ ಕೆಳಗೆ ಎಳೆಯುವವರೂ ಇದ್ದಾರೆ. ಕೆಳಗೆ ಹೋದಷ್ಟೂ ಅಂಕಿ ದೊಡ್ಡದಾಗುತ್ತದೆ, ವಿಧಾನ ಬದಲಾದರೆ 10 ಡಿಗ್ರಿಗೂ ಹೆಚ್ಚು ವ್ಯತ್ಯಾಸ ಬರಬಹುದು. ಹಾಗಾಗಿ ಯಾವ ವಿಧಾನ ಎಂದು ವರದಿಯಲ್ಲಿ ಬರೆದಿರಬೇಕು. ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಒಂದು ವಿಧಾನದ ಅಂಕಿಯನ್ನು ಇನ್ನೊಂದು ವಿಧಾನದ ‘ಸಾಮಾನ್ಯ’ ಪಟ್ಟಿಗೆ ಹೋಲಿಸಿ ಮೂಳೆ ಕತ್ತರಿಸಲು ಹೊರಡುವುದು ಅಪಾಯದ ಕೆಲಸ.

ಮೂಳೆ ಕತ್ತರಿಸಿ ನೇರ ಮಾಡುವ ಶಸ್ತ್ರಚಿಕಿತ್ಸೆಯ ಯೋಜನೆಯಲ್ಲಿ ಇದನ್ನೆಲ್ಲ ಹೇಗೆ ಬಳಸುತ್ತಾರೆ?

ಬಿಲ್ಲುಗಾಲಿನ ಉದಾಹರಣೆ ನೋಡೋಣ. ಟಿಬಿಯಾದ ಮೇಲ್ಭಾಗವನ್ನು ಒಳ ಪಕ್ಕದಿಂದ ಕತ್ತರಿಸಿ, ಹೊರ ಅಂಚನ್ನು ಬಾಗಿಲಿನ ತಿರುಗುಣಿಯಂತೆ ಉಳಿಸಿಕೊಂಡು, ಸೀಳನ್ನು ನಿಧಾನವಾಗಿ ತೆರೆಯುತ್ತಾರೆ. ಎಷ್ಟು ತೆರೆಯಬೇಕು? ಕತ್ತರಿಸಿದ ಜಾಗದ ಅಗಲ 60 ಮಿಲಿಮೀಟರ್ ಇದ್ದು 10 ಡಿಗ್ರಿ ತಿದ್ದಬೇಕಾದರೆ ಸುಮಾರು 10.5 ಮಿಲಿಮೀಟರ್. ಅಗಲ 70 ಇದ್ದರೆ 12 ದಾಟುತ್ತದೆ. ‘ಒಂದು ಡಿಗ್ರಿಗೆ ಒಂದು ಮಿಲಿಮೀಟರ್’ ಎಂಬ ಹಳೆಯ ಅಂದಾಜು ದೊಡ್ಡ ಮೂಳೆಗಳಲ್ಲಿ ಯಾಕೆ ಕೈಕೊಡುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಭಾರದ ಗೆರೆಯನ್ನು ಮಂಡಿಯ ಒಳ ಅಂಚಿನಿಂದ ಅಗಲದ ಶೇಕಡಾ 62ರ ಆಸುಪಾಸಿಗೆ ಒಯ್ಯುವುದು ಬಹುಕಾಲದ ರೂಢಿ, ಫುಜಿಸಾವ ಬಿಂದು ಎಂದು ಅದಕ್ಕೆ ಹೆಸರು. ಈಗ ಮೃದ್ವಸ್ಥಿ ಎಷ್ಟು ಸವೆದಿದೆ ಎಂದು ನೋಡಿ, ಅದಕ್ಕಿಂತ ನಡುವಿಗೆ ಹತ್ತಿರವೇ ನಿಲ್ಲಿಸುವವರು ಹೆಚ್ಚುತ್ತಿದ್ದಾರೆ.

ಮುಂದಿನಿಂದ ತೆಗೆದ ಎಕ್ಸ್‌ರೇ ತೋರಿಸದ ಸಂಗತಿ ಇಲ್ಲಿದೆ. ಟಿಬಿಯಾದ ಮೇಲ್ಮೈ ಹಿಂದಕ್ಕೆ ಸ್ವಲ್ಪ ಇಳಿಜಾರು. ಮೂಳೆಯ ಒಳ ಪಕ್ಕ ಮುಂದೆ ಕಿರಿದಾಗಿ ಹಿಂದೆ ಅಗಲವಾಗುತ್ತದೆ, ಆದ್ದರಿಂದ ಸೀಳು ಮುಂದುಗಡೆ ಹಿಂದಿನ ಸುಮಾರು ಅರ್ಧದಷ್ಟೇ ತೆರೆದಿರಬೇಕು. ಮುಂದೂ ಹಿಂದೂ ಸಮನಾಗಿ ತೆರೆದರೆ ಇಳಿಜಾರು ಹೆಚ್ಚಿಬಿಡುತ್ತದೆ, ಮಂಡಿಯೊಳಗಿನ ಮುಂದಿನ ಅಡ್ಡರಜ್ಜುವಿನ (ಎಸಿಎಲ್) ಮೇಲೆ ಎಳೆತ ಬೀಳುತ್ತದೆ. ಬಿಲ್ಲುಗಾಲು ಹೋಯಿತೆಂದು ಮುಂದಿನ ಚಿತ್ರ ಸಂತೋಷ ಕೊಡುತ್ತದೆ, ಪಕ್ಕದ ಚಿತ್ರದಲ್ಲಿ ಹೊಸ ತೊಂದರೆ ಕೂತಿರುತ್ತದೆ. ಮೂರು ಆಯಾಮದ ಯೋಜನೆಯಲ್ಲಿ ತಿರುಗುಣಿಯ ದಿಕ್ಕನ್ನು ಮೊದಲೇ ಗೊತ್ತುಮಾಡಿ, ಎಲ್ಲಿ ಕತ್ತರಿಸಬೇಕೆಂದು ತೋರಿಸುವ, ಆ ಮೂಳೆಗೆ ಮಾತ್ರ ಕೂಡುವ ಅಚ್ಚನ್ನು 3ಡಿ ಮುದ್ರಣದಲ್ಲಿ ಮಾಡಿಸಿಕೊಳ್ಳಬಹುದು. ಅಚ್ಚು ಮೂಳೆಯ ಮೇಲೆ ಸರಿಯಾಗಿ ಕೂರದಿದ್ದರೆ ಮಾತ್ರ ಅಷ್ಟೂ ಲೆಕ್ಕ ವ್ಯರ್ಥ.

ಮಂಡಿ ಬದಲಿಸಲು ರೋಬೋಟ್ ಬಳಸುತ್ತಾರಂತೆ. ಅದಕ್ಕೂ ಸಿಟಿ ಬೇಕೇ?

ಕೆಲವಕ್ಕೆ ಬೇಕು, ಕೆಲವಕ್ಕೆ ಬೇಡ. ಬೇಡದವುಗಳಲ್ಲಿ ಶಸ್ತ್ರಚಿಕಿತ್ಸೆಯ ಹೊತ್ತಿಗೆ ತೊಡೆಯನ್ನು ವೃತ್ತಾಕಾರವಾಗಿ ತಿರುಗಿಸಿ ಸೊಂಟದ ಕೀಲಿನ ನಡುಬಿಂದುವನ್ನು ಕಂಡುಹಿಡಿದು, ಮಂಡಿಯ ಮೇಲೆ ಬಿಂದುಗಳನ್ನು ಮುಟ್ಟಿಸಿ ಮಾದರಿ ಕಟ್ಟುತ್ತಾರೆ. ಎಲ್ಲರ ಕಾಲನ್ನೂ 180 ಡಿಗ್ರಿಗೆ, ಅಂದರೆ ಪೂರ್ತಿ ನೇರಕ್ಕೆ ತರಬೇಕೇ, ಅಥವಾ ರೋಗಿಯ ಕಾಲು ಸವೆಯುವ ಮೊದಲು ಹೇಗಿತ್ತೋ ಹಾಗೆ ಮಾಡಬೇಕೇ ಎಂಬ ಚರ್ಚೆ ಶಸ್ತ್ರವೈದ್ಯರಲ್ಲಿ ಜೋರಾಗಿಯೇ ನಡೆದಿದೆ. ಗುರಿ ಯಾವುದೆಂದು ರೋಬೋಟ್ ತೀರ್ಮಾನಿಸುವುದಿಲ್ಲ, ಕೊಟ್ಟ ಗುರಿಗೆ ಕತ್ತರಿಸಲು ನೆರವಾಗುತ್ತದೆ ಅಷ್ಟೇ. ನಿಮ್ಮ ವೈದ್ಯರ ಗುರಿ ಯಾವುದೆಂದು ಕೇಳಿ.

ವಿಕಿರಣದ ಭಯ ಇದೆ.

ಭಯ ಬೇಡ, ಎಚ್ಚರ ಇರಲಿ. ನೆಲ, ಗಾಳಿ, ಆಕಾಶದಿಂದ ಪ್ರತಿಯೊಬ್ಬರ ಮೈಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆಮಾನ) ವಿಕಿರಣ ತಾನಾಗಿಯೇ ತಾಗುತ್ತದೆ. ಮಂಡಿ ಮತ್ತು ಪಾದದ ಸಿಟಿಯಿಂದ ಆಗುವ ಹಾನಿಯ ಸಾಧ್ಯತೆ ಬಹಳ ಕಡಿಮೆ, ಅಲ್ಲಿ ಕಿರಣಕ್ಕೆ ಸುಲಭವಾಗಿ ನಲುಗುವ ಅಂಗಗಳಿಲ್ಲ. ಸೊಂಟದ ಮಟ್ಟ ಹಾಗಲ್ಲ. ಆದ್ದರಿಂದ ಇಡೀ ಕಾಲನ್ನು ಸ್ಕ್ಯಾನ್ ಮಾಡದೆ ಸೊಂಟ, ಮಂಡಿ, ಪಾದದ ಕೀಲು ಈ ಮೂರು ಕಡೆ ಮಾತ್ರ ಬಿಲ್ಲೆಗಳನ್ನು ತೆಗೆದು, ನಡುವಿನ ಉದ್ದ ಭಾಗವನ್ನು ಬಿಟ್ಟುಬಿಡುವ ಪದ್ಧತಿ ಇದೆ. ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ಸ್ಕ್ಯಾನ್ ಕೋಣೆಗೆ ಹೋಗುವ ಮೊದಲೇ ಹೇಳಿ.

ನನ್ನ ಮಗುವಿನ ಕಾಲು ಸೊಟ್ಟ ಇದೆ. ಸ್ಕ್ಯಾನ್ ಮಾಡಿಸಲೇ?

ಮೊದಲು ವಯಸ್ಸು ನೋಡಿ. ಮಕ್ಕಳು ಹುಟ್ಟುವಾಗಲೇ ಬಿಲ್ಲುಗಾಲಿನವರು. 2 ವರ್ಷದ ಹೊತ್ತಿಗೆ ಕಾಲು ನೇರವಾಗಿ, 3–4 ವರ್ಷಕ್ಕೆ ಮಂಡಿಗಳು ತಾಗುವಂತಾಗಿ, 7ರ ಹೊತ್ತಿಗೆ ದೊಡ್ಡವರ ಕಾಲಿನಂತಾಗುತ್ತದೆ. ಇದು ಬೆಳವಣಿಗೆ, ರೋಗವಲ್ಲ. ಒಂದೇ ಕಾಲು ಬಾಗಿದ್ದರೆ, ಬಾಗು ದಿನೇ ದಿನೇ ಹೆಚ್ಚುತ್ತಿದ್ದರೆ, ಮಗು ವಯಸ್ಸಿಗೆ ತೀರ ಕುಳ್ಳಗಿದ್ದರೆ ಮಕ್ಕಳ ಮೂಳೆವೈದ್ಯರಿಗೆ ತೋರಿಸಿ. ಚಿತ್ರ ಬೇಕಾದರೂ ಬಹುಪಾಲು ಮಕ್ಕಳಿಗೆ ನಿಂತ ಎಕ್ಸ್‌ರೇ ಒಂದೇ ಸಾಕು.

ಕಾಲಿನಲ್ಲಿ ಹಳೆಯ ರಾಡ್ ಇದೆ. ಸ್ಕ್ಯಾನ್ ಆಗುತ್ತದೆಯೇ?

ಆಗುತ್ತದೆ. ಸಿಟಿಯಲ್ಲಿ ಲೋಹದ ಸುತ್ತ ಬಿಳಿ-ಕಪ್ಪು ಗೀರುಗಳು ಬರುತ್ತವೆ, ಅವನ್ನು ತಗ್ಗಿಸುವ ತಂತ್ರಾಂಶವಿದೆ. ಲೋಹ ಯಾವಾಗ, ಎಲ್ಲಿ ಹಾಕಿದ್ದು ಎಂದು ಮೊದಲೇ ತಿಳಿಸಿ. ಎಮ್ಆರ್‌ಐಗೆ ಹೋಗುವವರಂತೂ ತಪ್ಪದೆ ತಿಳಿಸಬೇಕು.

ಚಿತ್ರ ತೆಗೆಸುವ ದಿನ ನಾನೇನು ಮಾಡಬೇಕು?

ನಿಂತು ತೆಗೆಸುವಾಗ ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಬಿಡಿ. ನೋಯುವ ಕಾಲನ್ನು ತಪ್ಪಿಸಿ ಇನ್ನೊಂದರ ಮೇಲೆ ನಿಲ್ಲುವುದು ನಮಗೆ ಗೊತ್ತಿಲ್ಲದೆಯೇ ಬಂದ ಅಭ್ಯಾಸ, ಅದೊಂದೇ ಅಳತೆ ಕೆಡಿಸಲು ಸಾಕು. ಮಂಡಿ ಪೂರ್ತಿ ಚಾಚಲಾಗದಿದ್ದರೆ ನೋವು ಸಹಿಸಿ ತಳ್ಳಬೇಡಿ, ಚಾಚಲಾಗುತ್ತಿಲ್ಲ ಎಂದು ಟೆಕ್ನಿಷಿಯನ್‌ಗೆ ಹೇಳಿ ವರದಿಯಲ್ಲಿ ಬರೆಸಿ. ಟೆಕ್ನಿಷಿಯನ್ ಮಂಡಿಚಿಪ್ಪು ಮುಂದೆ ಬರುವಂತೆ ಕಾಲು ತಿರುಗಿಸುತ್ತಾರೆ, ಆಗ ಪಾದ ಓರೆಯಾಗಿ ಕಂಡರೂ ಸರಿಪಡಿಸಲು ಹೋಗಬೇಡಿ. ಒಂದು ಕಾಲು ಗಿಡ್ಡವಿದ್ದರೆ ಅದರ ಕೆಳಗೆ ಹಲಗೆ ಇಡುತ್ತಾರೆ, ಅದರ ಎತ್ತರವನ್ನೂ ಬರೆದಿಡಬೇಕು. ಸಿಟಿಯಲ್ಲಿ ಸೊಂಟದ ಬಿಲ್ಲೆಯಿಂದ ಪಾದದ ಬಿಲ್ಲೆಯವರೆಗೆ ಕಾಲು ಅಲುಗಬಾರದು. ನಡುವೆ ಅಲುಗಿದರೆ ಸುಮ್ಮನಿರಬೇಡಿ, ಹೇಳಿ. ಮತ್ತೆ ತೆಗೆಯುವುದು ಐದು ನಿಮಿಷದ ಕೆಲಸ.

ವರದಿಯ ಕಾಗದ ಇದೆ. ಡಿಸ್ಕ್ ಇಟ್ಟುಕೊಳ್ಳಬೇಕೇ?

ಇಟ್ಟುಕೊಳ್ಳಲೇಬೇಕು. ಕಾಗದದಲ್ಲಿರುವುದು ಒಬ್ಬರು ಒಂದು ವಿಧಾನದಲ್ಲಿ ಅಳೆದ ಫಲ. ಡಿಸ್ಕಿನಲ್ಲಿ ಮೂಲ ಚಿತ್ರಗಳಿರುತ್ತವೆ, ಬೇರೊಬ್ಬ ವೈದ್ಯರು ಬೇರೊಂದು ವಿಧಾನದಲ್ಲಿ ಅವನ್ನು ಮತ್ತೆ ಅಳೆಯಬಲ್ಲರು, ಇನ್ನೊಮ್ಮೆ ಕಿರಣ ತಾಗಿಸುವ ಅಗತ್ಯ ಬೀಳದು. ಫೋನಿನಲ್ಲಿ ತೆಗೆದ ಫಿಲ್ಮಿನ ಫೋಟೋ ಇದಕ್ಕೆ ಸಾಲದು, ಅದರಲ್ಲಿ ಅಳತೆಯ ಪ್ರಮಾಣವೇ ಉಳಿದಿರುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲಿನದು ಮತ್ತು ನಂತರದ್ದು ಎರಡನ್ನೂ ದಿನಾಂಕ ಬರೆದು ಒಂದೇ ಕಡೆ ಇಡಿ. ಇನ್ನೊಂದು ಕಾಲಿಗೂ ಮುಂದೆ ಚಿಕಿತ್ಸೆ ಬೇಕಾದರೆ ವೈದ್ಯರು ಮೊದಲು ಕೇಳುವುದು ಅವನ್ನೇ.